ಹಡಗಿನ ಪೊರ್ಬುಗಳ ಕಪ್ಪು ಬಿಯರು

ಕಳೆದ ಡಿಸೆಂಬರಿನಲ್ಲಿ ರಜೆಗೆ ಬಂದ ಭಾವ ವಿಮಾನ ನಿಲ್ದಾಣದ ಅಂಗಡಿಯಿಂದ ಒಂದು ಬಾಟಲಿ ತಂದುಕೊಟ್ಟರು. ಕ್ರಿಸ್‌ಮಸ್ಸಿಗೆಂದೇ ಸಂಬಾರ ಹಾಕಿ ಮಾಡುವ ಕಪ್ಪು ಬಿಯರು, ಸ್ಟೌಟ್. ಮುಚ್ಚಳ ತೆಗೆದು ಎರಡು ನಿಮಿಷ ಆಗಿರಲಿಲ್ಲ, ಅಮ್ಮ ಒಳಗಿನಿಂದ ಕೇಳಿದರು, "ಯಾರಿಗೆ ಶೀತ ಆದದ್ದು? ಕಷಾಯ ಇಟ್ಟದ್ದು ಯಾರು?"

ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದಿದೆ. ಲೋಟಕ್ಕೆ ಸುರಿಯುವ ಮನಸ್ಸಾಗಲಿಲ್ಲ. ಮುಚ್ಚಳವನ್ನು ಹಾಗೇ ಒತ್ತಿಟ್ಟು, ಕಪಾಟಿನಿಂದ 1998ರ ಡೈರಿ ತೆಗೆದೆ...

ಹಡಗಿನ ಪೊರ್ಬುಗಳು ಮೂಡುಬಿದಿರೆಯಲ್ಲಿ ನಮ್ಮಿಂದ ಮೂರನೆಯ ಮನೆಯವರು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುವುದು ರೂಢಿ. ಇವರು ಪ್ರಯಾಣಿಕರ ಹಡಗೊಂದರ ಬಾರಿನಲ್ಲಿ ಕೆಲಸಕ್ಕಿದ್ದುದರಿಂದ ಹಡಗಿನ ಪೊರ್ಬುಗಳಾದರು. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ, ಉಳಿದ ಮೂರು ತಿಂಗಳು ನಮ್ಮ ತಲೆಯ ಮೇಲೆ. ಮೀನು ತರಲು ಹೋಗುವಾಗಲೂ ಇಸ್ತ್ರಿ ಹಾಕಿದ ಬಿಳಿ ಅಂಗಿ, ಕರಿ ಬೂಟು. ಬಂಗುಡೆ ಮಾರುವವಳಿಗೆ ಮೊದಲು ಥ್ಯಾಂಕ್ಯೂ ಎನ್ನುತ್ತಿದ್ದರು, ಆಮೇಲೆ ಒಂದು ಬಂಗುಡೆ ಹೆಚ್ಚು ಹಾಕಲು ಹೇಳುತ್ತಿದ್ದರು. ಮಾತು ಯಾವುದೇ ಇರಲಿ, ಶುರುವಾಗುವುದು "ನಮ್ಮ ಶಿಪ್ಪಿನಲ್ಲಿ" ಎಂದು. ಒಂದು ಮಧ್ಯಾಹ್ನ ನಾನು ಲೆಕ್ಕ ಇಟ್ಟಿದ್ದೆ. ಎರಡು ಗಂಟೆಯಲ್ಲಿ ನಲವತ್ತೊಂದು ಸಲ.

ಕ್ರಿಸ್‌ಮಸ್ ಕಳೆದ ಮೊದಲ ಭಾನುವಾರ, ಮಧ್ಯಾಹ್ನ ಮೂರಕ್ಕೆ, ಅವರ ಜಗಲಿಯಲ್ಲಿ ಬಿಯರಿನ ರುಚಿ ನೋಡುವ ಕಾರ್ಯಕ್ರಮ. ಕರೆ ಇದ್ದದ್ದು ನನಗೆ ಮತ್ತು ನನ್ನ ಜೊತೆ ಕಾಲೇಜು ಮುಗಿಸಿದ ಇಬ್ಬರು ಗೆಳೆಯರಿಗೆ. ಒಬ್ಬ ಬಂಟ್ವಾಳದವ, ಫೋಟೋ ಸ್ಟುಡಿಯೋದಲ್ಲಿದ್ದ. ಇನ್ನೊಬ್ಬ ಬೆಳ್ತಂಗಡಿಯ ಜಿನಸಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೆಣಸು, ಕೊತ್ತಂಬರಿ ಹುಡಿ ಮಾಡುವ ಮಿಲ್ಲೂ ಆ ಅಂಗಡಿಯದ್ದೇ. ಎರಡು ಕಾಳು ಕೊತ್ತಂಬರಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಹೊಸ ಮಾಲೋ ಹಳೆಯದೋ ಹೇಳುತ್ತಿದ್ದ. ಆದರೆ ಮೆಣಸಿನ ಧೂಳಿಗೆ ಅವನ ಕಣ್ಣು ಮೂಗು ಸದಾ ಕೆಂಪು. ಮಿಲ್ಲು ಬಿಡದಿದ್ದರೆ ಮೊದಲು ಮೂಗು ಹೋಗುತ್ತದೆ, ಆಮೇಲೆ ಎದೆ ಎಂದು ಡಾಕ್ಟರು ಹೇಳಿದ್ದರು. ಬಿಟ್ಟು ಎಲ್ಲಿಗೆ ಹೋಗುವುದೆಂದು ಅವನಿಗೆ ಗೊತ್ತಿರಲಿಲ್ಲ.

ಪೊರ್ಬುಗಳು ಬಿಳಿ ಕೈಗವಸು ತೊಟ್ಟು ಬರುತ್ತಿದ್ದರು. ಜಗಲಿಯಲ್ಲಿ ಕೋಳಿ ಓಡಾಡುತ್ತಿರುವಾಗ ಕೈಗವಸು! ಬಾಟಲಿಯನ್ನು ಟರ್ಕಿ ಟವೆಲಿನಲ್ಲಿ ಕೂಸಿನಂತೆ ಸುತ್ತಿಕೊಂಡು, ಕೆಮ್ಮಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ ಬಿಯರು ಅಳೆದು ಕೊಡುತ್ತಿದ್ದರು. ಒಬ್ಬೊಬ್ಬರಿಗೆ ಎರಡು ಮುಚ್ಚಳ, ಒಂದು ಸಂಬಾರ ಹಾಕಿದ್ದು, ಒಂದು ಹಾಕದ್ದು. ಎರಡಕ್ಕೂ ಇರುವ ವ್ಯತ್ಯಾಸ ನಾವು ಹೇಳಬೇಕು. ನುಂಗಬಾರದು, ಬಾಯಲ್ಲಿ ಹೊರಳಿಸಿ ಅವರ ಅತ್ತೆಯ ಹಿತ್ತಾಳೆಯ ಪೀಕದಾನಿಗೆ ಉಗುಳಬೇಕು. ಬಂಟ್ವಾಳದವ ಪ್ರತಿ ಸಲವೂ ನುಂಗುತ್ತಿದ್ದ. "ನಾಲಿಗೆ ಸತ್ತವರು ನೀವು" ಎಂದು ಅವರು ನಿಟ್ಟುಸಿರು ಬಿಡುತ್ತಿದ್ದರು. ನಾನು ಬಣ್ಣ, ನೊರೆ, ವಾಸನೆ, ಕೊನೆಯ ಕಹಿ ಎಂದು ನಾಲ್ಕು ಗೆರೆ ಎಳೆದು ಹತ್ತರಲ್ಲಿ ಅಂಕ ಹಾಕುತ್ತಿದ್ದೆ. ಮೊದಲ ಎರಡು ವರ್ಷ ನಮಗೆ ಸಿಕ್ಕಿದ್ದು ಸುಟ್ಟ ಬೆಲ್ಲ, ಕಾಫಿ, ಲವಂಗ, ಅಷ್ಟೇ. ಇನ್ನೊಂದುಂಟು, ಇನ್ನೊಂದುಂಟು ಎಂದು ಅವರು ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಬಾಟಲಿಗಳ ಚೀಟಿಯನ್ನು ಮೊದಲೇ ನೀರಲ್ಲಿ ನೆನೆಸಿ ತೆಗೆದಿಡುತ್ತಿದ್ದರು.

ಮೂರನೆಯ ವರ್ಷ ಅವರು ಹೊಸ ಸುದ್ದಿ ಹೇಳಿದರು. ಹಡಗಿನ ಬಾರಿಗೆ ಒಬ್ಬ ಹೊಸಬ ಬೇಕಾಗಿದ್ದಾನೆ, ಫೆಬ್ರವರಿಯಲ್ಲಿ ಮುಂಬೈಯಲ್ಲಿ ಸಂದರ್ಶನ, ತನ್ನ ಕಾಗದ ಇದ್ದರೆ ಆಯ್ತು. ನಮ್ಮಲ್ಲಿ ನಾಲಿಗೆ ಬದುಕಿರುವವನಿಗೆ ಆ ಕಾಗದ. ಆ ದಿನ ಬೆಳ್ತಂಗಡಿಯವ ಗಂಟಲು ತೊಳೆದು, ಬೆಳಗಿನಿಂದ ಚಹಾ ಕೂಡ ಕುಡಿಯದೆ ಬಂದಿದ್ದ.

ಅವನು ಮುಚ್ಚಳವನ್ನು ಮೂಗಿನ ಹತ್ತಿರ ತುಂಬ ಹೊತ್ತು ಹಿಡಿದಿದ್ದ. ಆಮೇಲೆ ಮೆಲ್ಲಗೆ, "ಇದು ಕೊತ್ತಂಬರಿ. ನಮ್ಮ ಮನೆಯ ಕಷಾಯದ್ದೇ ವಾಸನೆ" ಎಂದ.

ಬಂಟ್ವಾಳದವ ಬಾಯಲ್ಲಿದ್ದದ್ದನ್ನು ಈ ಸಲ ನಿಜಕ್ಕೂ ಉಗುಳಿದ, ನಗು ತಡೆಯಲಾರದೆ. ಪೊರ್ಬುಗಳು ಒಂದು ಕೈಗವಸು ಕಳಚಿದರು. "ಕೊತ್ತಂಬರಿಯೇ. ಮೂರು ವರ್ಷದಲ್ಲಿ ಅದನ್ನು ಹಿಡಿದದ್ದು ನೀನೊಬ್ಬ. ಕಾಗದ ನಿನಗೆ ಬರೀತೇನೆ" ಎಂದರು. ಅಲ್ಲೇ ಕುಳಿತು ಬರೆದೂ ಕೊಟ್ಟರು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ನಾವಿಬ್ಬರು ಬೆಳ್ತಂಗಡಿಯವನ ಕಣ್ಣು ತೆರೆಸಿದೆವು. "ಬಿಯರಿಗೆ ಯಾರಾದರೂ ಕೊತ್ತಂಬರಿ ಹಾಕ್ತಾರಾ ಮಾರಾಯ? ಪೊರ್ಬು ಊರಿನ ಬಿಯರಿಗೆ ಹೆಂಡತಿಯ ಕಷಾಯದ ಹುಡಿ ಕಲಸಿದ್ದು. ಸಿಕ್ಕಿಬಿದ್ದ, ಹೌದು ಹೌದು ಅಂದ" ಎಂದು ಬಂಟ್ವಾಳದವ ನಕ್ಕ. ನಾನು ಡೈರಿ ತೆರೆದೆ. ಮೂರು ವರ್ಷಕ್ಕೆ ಆರು ಬಾಟಲಿ, ಆರಕ್ಕೂ ಚೀಟಿ ಇಲ್ಲ. "ನಮ್ಮ ಶಿಪ್ಪಿನಲ್ಲಿ" ನಲವತ್ತೊಂದು ಸಲ, ಹಡಗಿನ ಒಂದು ಫೋಟೋ ಕೂಡ ತೋರಿಸಿದ್ದಿಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ ಎಂದೆ. ಬೆಳ್ತಂಗಡಿಯವ ಬಂಟ್ವಾಳದವನ ನಗುವಿಗೆ ಬಗ್ಗಿರಲಿಲ್ಲ. ನನ್ನ ಪುಟವನ್ನು ಎರಡು ಸಲ ಓದಿದ. ಆಮೇಲೆ ಆ ಕಾಗದವನ್ನು ಮಡಚಿ ಗೋಳಿಬಜೆಯ ತಟ್ಟೆಯ ಅಡಿಗೆ ಇಟ್ಟು ಎದ್ದ.

ಅವನು ಮುಂಬೈಗೆ ಹೋಗಲಿಲ್ಲ.

ಕಷಾಯ ಪೊರ್ಬು ಎಂಬ ಹೆಸರು ಒಂದೇ ವಾರದಲ್ಲಿ ಊರೆಲ್ಲ ಹಬ್ಬಿತು. ಅದರಲ್ಲಿ ನನ್ನ ಪಾಲೂ ಇತ್ತು, ಹೆಮ್ಮೆಯಿಂದಲೇ ಬರೆದಿಟ್ಟಿದ್ದೇನೆ. ಮುಂದಿನ ಡಿಸೆಂಬರಿನಲ್ಲಿ ಕರೆ ಬರಲಿಲ್ಲ. ಒಮ್ಮೆ ಮೀನಿನವಳ ಹತ್ತಿರ ಸಿಕ್ಕಾಗ ಅವರೇ ನಿಂತು, "ಅವನು ಹೋಗಲಿಲ್ಲವಂತೆ. ಎಂತಕ್ಕೆ?" ಎಂದು ಕೇಳಿದರು. ಅವನ ಅಮ್ಮನಿಗೆ ಹುಷಾರಿರಲಿಲ್ಲ ಎಂದು ಏನೋ ಹೇಳಿದೆ. ಅಂತಹ ಮೂಗು ಹಾಳಾಯ್ತಲ್ಲ ಎಂದರು. ನಾಟಕ ಇನ್ನೂ ಮುಗಿದಿಲ್ಲ ಎಂದುಕೊಂಡೆ. ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲ, ಅವರು ಮನೆಯಲ್ಲೇ ತೀರಿಕೊಂಡರು.

ಭಾವ ತಂದ ಬಾಟಲಿಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಪಟ್ಟಿ ಇದು: ಹುರಿದ ಬಾರ್ಲಿ, ಕಿತ್ತಳೆ ಸಿಪ್ಪೆ, ಲವಂಗ, ಕೊತ್ತಂಬರಿ ಬೀಜ.

ಆ ಕೈಗವಸು ನನಗೆ ಈಗಲೂ ನಗೆಪಾಟಲೇ. ಪೀಕದಾನಿ, ಕೆಮ್ಮಿನ ಔಷಧದ ಮುಚ್ಚಳ, ಹೆಚ್ಚಿಗೆ ಕೇಳಿದ ಬಂಗುಡೆ, ಯಾವುದನ್ನೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಜಂಬದ ಮನುಷ್ಯ. ಆದರೆ ಸುಳ್ಳು ಹೇಳಿರಲಿಲ್ಲ...

ಮರುದಿನ ಬಾಟಲಿ ಹಿಡಿದು ಬೆಳ್ತಂಗಡಿಗೆ ಹೋದೆ. ಗೆಳೆಯ ಮುಖಕ್ಕೆ ಮೈ ಒರೆಸುವ ಬೈರಾಸು ಕಟ್ಟಿಕೊಂಡು ಮಿಲ್ಲಿನ ಹತ್ತಿರ ನಿಂತಿದ್ದ. ಹೊರಗೆ ಕರೆದು ಬಾಟಲಿ ಕೊಟ್ಟೆ. ಬೈರಾಸು ಕೆಳಗೆ ಸರಿಸಿ ಮೂಸಿದ. ಮತ್ತೆ ಮೂಸಿದ. ಆಮೇಲೆ ನನಗೇ ವಾಪಸು ಕೊಟ್ಟ.

"ನನಗೆ ಈಗ ಸೀಮೆಎಣ್ಣೆಯೂ ಗೊತ್ತಾಗುವುದಿಲ್ಲ ಮಾರಾಯ. ಇದರಲ್ಲಿ ಎಂತ ಉಂಟು, ನೀನೇ ಹೇಳು."

ಚೀಟಿಯ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಕೈಯ ಮೆಣಸಿನ ಹುಡಿಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ, "ಪೊರ್ಬುಗಳು ತೀರಿದ್ದು ಯಾವ ದಿನ? ನಿನ್ನ ಪುಸ್ತಕದಲ್ಲಿ ಇರಬೇಕಲ್ಲ" ಎಂದ.

ಮನೆಗೆ ಬಂದು ಹುಡುಕಿದೆ. ಆ ಮಳೆಗಾಲದಲ್ಲಿ ಎಷ್ಟು ದಿನ ಕರೆಂಟು ಹೋಗಿತ್ತು, ಬಸ್ಸು ಎಷ್ಟು ಸಲ ತಪ್ಪಿತ್ತು, ಎಲ್ಲ ಉಂಟು. ಅದೊಂದನ್ನು ನಾನು ಬರೆದಿಟ್ಟಿರಲಿಲ್ಲ.