ಅಮರಮ್ಮ ಬಾಗಿಲಿಗೆ ಬರಬಾರದು

ಎಂಬತ್ತರ ಸುಮಾರಿನಲ್ಲಿ ನಾನು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದೆ. ಹತ್ತನೇ ತರಗತಿ ಎರಡು ಸಲ ಫೇಲಾಗಿದ್ದರಿಂದ ಊರಿಗೆಲ್ಲ ಬುದ್ಧಿ ಹೇಳುವ ಹಕ್ಕು ನನಗಿದೆ ಎಂದು ತಿಳಿದಿದ್ದೆ. ಆ ಬುದ್ಧಿ ಮೊದಲು ಬಿದ್ದದ್ದು ನಮ್ಮ ಓಣಿಯ ಅಮರಮ್ಮನ ಮೇಲೆ.

ಅಮರಮ್ಮ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ರಾಯಚೂರಿನ ಆಸ್ಪತ್ರೆಯಿಂದ 'ಇನ್ನು ಮನೆಗೆ ಒಯ್ಯಿರಿ' ಎಂದು ಕಳಿಸಿದವರ ಮನೆಗೆ ಆಕೆ ಕರೆಯದೆಯೇ ಹೋಗುತ್ತಿದ್ದಳು. ಬಾಯಿಗೆ ನೀರು ಬಿಡುವಳು, ಮಗ್ಗುಲು ಹೊರಳಿಸುವಳು, ಮನೆಯವರಿಗೆ ಒಂದಿಷ್ಟು ನಿದ್ದೆ ಮಾಡಿಸುವಳು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ. ಬೀಗರು ಬುತ್ತಿ ತರಬೇಕು. ಬೀಗರಿಲ್ಲದವರಿಗೆ ಆಕೆಯೇ ರೊಟ್ಟಿ ಬಡಿದು ಒಯ್ಯುತ್ತಿದ್ದಳು. ಅಪ್ಪ ಹೋದಾಗ ನಾವು ತಿಂದದ್ದೂ ಅದೇ ರೊಟ್ಟಿ. ಹಾಗಾಗಿ ಭಾನುವಾರ ಆಕೆಯ ಹಿಂದೆ ಜೋಳಿಗೆ ಹೊತ್ತು ಆ ರೊಟ್ಟಿಗೆಂದು ಜೋಳ ಬೇಡುತ್ತಿದ್ದೆ.

ಆಕೆಯನ್ನು ಕಂಡರೆ ಜನ ಬಾಗಿಲು ಹಾಕುತ್ತಿದ್ದರು. ಆಕೆ ಬಂದ ಹೊಸ್ತಿಲಿಗೆ ಹಿಂದೆಯೇ ಸಾವು ಬರುತ್ತದಂತೆ.

"ಯವ್ವಾ, ನೀ ಮೂಲ್ಯಾಗ ಬೇವಿನ ಗಿಡದ ಕೆಳಗ ಕುಂದ್ರು. ನಾ ಒಬ್ಬನ ಕೇಳ್ತೀನಿ," ಅಂದೆ.

"ನನ್ನ ಮಾರಿ ಅಷ್ಟು ಕೆಟ್ಟದ ಏನಪಾ?"

ಹಾಗಂದರೂ ಆಕೆ ಹೋಗಿ ಗಿಡದ ಕೆಳಗೆ ಕುಳಿತಳು. ಜೋಳಿಗೆ ತುಂಬತೊಡಗಿತು. ನಮ್ಮ ಗಿರಣಿ ಮಾಲೀಕರ ಹೆಸರೇ ದೊಡ್ಡಪ್ಪ. ಅವರು ತಿಂಗಳಿಗೊಂದು ಚೀಲ ಜೋಳ ಕೊಡಲು ಒಪ್ಪಿದರು. ಶರತ್ತು ಒಂದೇ: ಆಕೆ ಅವರ ಬಾಗಿಲಿಗೆ ಬರಬಾರದು. ಆಕೆಯನ್ನು ಕೇಳದೆ ಹೂಂ ಅಂದುಬಿಟ್ಟೆ, ಆಮೇಲೆ ಆಕೆಗೆ ಹೇಳಿದೆ. ಇನ್ನೊಬ್ಬರ ಪರವಾಗಿ ತಲೆ ತಗ್ಗಿಸುವುದರಲ್ಲಿ ನನಗೆ ಮೊದಲಿನಿಂದಲೂ ಹಿಂಜರಿಕೆಯಿಲ್ಲ. ಆ ಚೀಲದಿಂದ ದೇವದುರ್ಗದ ಕಡೆಯ ಮನೆಗಳಿಗೂ ರೊಟ್ಟಿ ಮುಟ್ಟಿತು.

ಎರಡು ವರ್ಷದ ಮೇಲೆ ದೊಡ್ಡಪ್ಪನವರ ತಾಯಿ ಶಿವಬಸಮ್ಮನನ್ನೂ ಆಸ್ಪತ್ರೆಯವರು ಮನೆಗೆ ಕಳಿಸಿದರು. ಮನೆತುಂಬ ಬೀಗರಿದ್ದರು, ಮುದುಕಿಯ ಹತ್ತಿರ ಕೂಡುವವರಿರಲಿಲ್ಲ. ಹಿಂದೆ ತಮ್ಮ ಹೊಲದಲ್ಲಿ ಕಳೆ ತೆಗೆದ ಅಮರಮ್ಮನೇ ಬೇಕೆಂದು ಮುದುಕಿ ಹಟ ಹಿಡಿದಳು. ಆ ಭಾನುವಾರ ದೊಡ್ಡಪ್ಪನವರು ಬೇವಿನ ಗಿಡದವರೆಗೆ ತಾವೇ ನಡೆದು ಬಂದರು.

"ಬಾರವ್ವಾ. ನಮ್ಮವ್ವ ಕರ್ಯಾಕತ್ತಾಳ."

ಅಮರಮ್ಮ ಏಳಲಿಲ್ಲ. "ಬಂದ್ರ ಚೀಲ ನಿಲ್ಲಸ್ತೀರೇನ್ರೀ ಯಪ್ಪಾ? ದೇವದುರ್ಗದ ಕಡೆ ಜಾಲಹಳ್ಳ್ಯಾಗ ರೊಟ್ಟಿಗೆ ಕಾಯೋ ಇನ್ನೂ ಎರಡು ಮನಿ ಅದಾವ."

"ಬರಬ್ಯಾಡ ಅಂತ ನಾ ಯಾವಾಗ ಅಂದೀನಿ?" ಎಂದು ಅವರು ನನ್ನತ್ತ ನೋಡಿದರು. ನಾನು ಬೇವಿನ ಎಲೆ ನೋಡಿದೆ. ನನ್ನ ವಾರದ ಕೂಲಿ ಅವರ ಕೈಯಲ್ಲಿತ್ತು.

"ಚೀಲ ಬರತದೋ ಇಲ್ಲೋ, ಅದನ್ನ ಹೇಳ್ರಿ," ಅಂದಳು ಅಮರಮ್ಮ.

ದೊಡ್ಡಪ್ಪನವರು, "ಬರತದ," ಎಂದರು.

ಮೂರು ದಿನ ಆಕೆ ಆ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ಮುಂಜಾನೆ ಮುದುಕಿ ತೀರಿಕೊಂಡಳು. ಬೀಗರು ಬುತ್ತಿ ತಂದರು. ಅಮರಮ್ಮನೂ ರೂಢಿಯಂತೆ ರೊಟ್ಟಿ ಬಡಿದು ತಂದು ಕಟ್ಟೆಯ ಮೇಲಿಟ್ಟಳು; ಆ ಮನೆಯವರೇ ಕೊಟ್ಟ ಜೋಳ. ಸಂಜೆಯವರೆಗೆ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ದೊಡ್ಡಪ್ಪನವರು ಬಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನುಂಗಲಾಗದೆ ಬಹಳ ಹೊತ್ತು ಅಗಿಯುತ್ತ ಕುಳಿತರು. ಆಕೆ ನೀರಿನ ತಂಬಿಗೆ ಅವರತ್ತ ಸರಿಸಿದಳು.

ತಿಂಗಳ ಚೀಲ ಬಂತು. ಊರಿನ ಮಾತು ಮಾತ್ರ ಬೇರೆ: ಅಮರಮ್ಮ ಗಿರಣಿಯವರ ಹೊಸ್ತಿಲು ತುಳಿದಳು, ಮುದುಕಿ ಹೋದಳು.

ಮುಂದಿನ ಭಾನುವಾರ ನಾನು ಬೇವಿನ ಗಿಡದತ್ತ ಕೈ ತೋರಿಸಲಿಲ್ಲ. ಇಬ್ಬರೂ ಮನೆ ಮನೆಗೆ ಹೋದೆವು. ಒಂದಾದ ಮೇಲೊಂದು ಬಾಗಿಲು ಮುಚ್ಚಿಕೊಂಡಿತು. ಜೋಳಿಗೆ ಹಗುರಾಗಿದ್ದಕ್ಕೆ ನನ್ನ ಹೆಗಲಿಗೆ ಸುಖವೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ದಣದೇನಪಾ?"

"ಹೂಂ, ಯವ್ವಾ."

"ನಾನೂ ದಣದೀನಿ. ನಡಿ, ಇನ್ನೂ ಎರಡು ಓಣಿ ಅದಾವ."