ಬೀಜಕ್ಕೆ ಬಿಟ್ಟ ಬಿಳಿ ಕರ್ಣಕುಂಡಲ

ಮೊನ್ನೆ ಗೌರಿಗೆಂದು ಸೊಸೆ ಮಾರ್ಕೆಟ್ಟಿನಿಂದ ತೇರಡಾ ಹೂವಿನ ಕಟ್ಟು ತಂದಳು. ನಾವು ಧಾರವಾಡದವರು ಕರ್ಣಕುಂಡಲ ಅನ್ನುತ್ತೇವಲ್ಲ, ಅದೇ. ಕಟ್ಟು ಬಿಡಿಸುವಾಗ ಬಲಿತ ಕಾಯಿಯೊಂದಕ್ಕೆ ನನ್ನ ಬೆರಳು ತಾಗಿತು. ಟಪ್ಪನೆ ಸಿಡಿದು, ಸಿಪ್ಪೆ ಸುರುಳಿ ಸುತ್ತಿಕೊಂಡು, ಬೀಜವೆಲ್ಲ ನೆಲದ ಪಾಲಾಯಿತು. "ಕಸಾ ಆತು ನೋಡ್ರಿ" ಎಂದು ಸೊಸೆ ಕಸಬರಿಗೆ ತರಲು ಹೋದಳು. ಕಸವಂತೆ… ಆ ಬೀಜಕ್ಕಾಗಿ ಅತ್ತವರನ್ನು ನಾನು ಕಂಡಿದ್ದೇನೆ.

ಮೊದಲ ಮಹಾಯುದ್ಧ ಮುಗಿದ ಮೇಲಿನ ಮಾತು. ನಮ್ಮಪ್ಪನಿಗೆ ಮರಾಠಿ ಸೀಮೆಯಲ್ಲಿ, ದಂಡಿನ ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಬಿಡಾರ ಶನಿವಾರ ಪೇಟೆಯ ಒಂದು ವಾಡೆಯಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತಲೂ ಸಂಸಾರಗಳು. ಎದುರು ಮನೆಯ ಸೊಸೆಯನ್ನು ನಾನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಮರಾಠಿ ಮನೆ ಸೇರಿದ ಧಾರವಾಡದ ಹುಡುಗಿ ಅವಳು. ದಿನವಿಡೀ ಮರಾಠಿ ಆಡಿ ಆಡಿ ಬಾಯಿ ಬಳಲಿತೆಂದು ಸಂಜೆ ನಮ್ಮವ್ವನ ಹತ್ತಿರ ಕನ್ನಡ ಮಾತಾಡಲು ಬಂದು ಕೂರುತ್ತಿದ್ದಳು.

ಅವಳ ತಾಯಿ ತೀರಿಕೊಂಡಿದ್ದರು, ತವರಿನ ಮನೆ ಯಾರದೋ ಪಾಲಾಗಿತ್ತು. ಮದುವೆಯಾಗಿ ಬರುವಾಗ ತಾಯಿಯ ಹಿತ್ತಲಿನ ಬಿಳಿ ಕರ್ಣಕುಂಡಲದ ಬೀಜ ಸೆರಗಿಗೆ ಕಟ್ಟಿಕೊಂಡು ತಂದಿದ್ದಳಂತೆ. ತವರು ಅಂತ ಉಳಿದಿದ್ದು ಅಷ್ಟೇ. ಮಳೆಗಾಲದ ಮೊದಲ ಮಿರಗದ ಮಳೆ ಬಿದ್ದೊಡನೆ ಚಿಮಣಿ ಎಣ್ಣೆಯ ಹಳೇ ಡಬ್ಬಿಗಳಲ್ಲಿ ಅಷ್ಟೂ ಬೀಜ ಬಿತ್ತುವಳು. ಭಾದ್ರಪದಕ್ಕೆ ಹೂ, ನವರಾತ್ರಿಗೆ ಕಾಯಿ, ಆಮೇಲೆ ಗಿಡ ಹಳದಿಯಾಗಿ ಮಲಗಿಬಿಡುತ್ತಿತ್ತು. ಒಂದು ಮಳೆಗಾಲದ ಆಯುಷ್ಯ ಅದರದು. ಹೂವೆಲ್ಲ ಅತ್ತೆಯ ದೇವರಿಗೆ ಕೊಟ್ಟರೂ ಒಂದು ಗಿಡ ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. "ಇದು ಬೀಜಕ್ಕ" ಎನ್ನುತ್ತಿದ್ದಳು. ಅವಳ ಅತ್ತೆ, ನನಗೆ ಆಜಿ, "ತೇರಡ್ಯಾಚಾ ರಂಗ ತೀನ್ ದಿವಸ" ಎಂದು ಕೆಣಕುತ್ತಿದ್ದರು. ಮೂರು ದಿನದ ಬಣ್ಣಕ್ಕೆ ಇಷ್ಟು ಕೊಂಡಾಟವೇ ಎಂದು.

ಒಂದು ವರ್ಷ ಗಿಡ ಮೊಗ್ಗು ಕಟ್ಟುವ ಹೊತ್ತಿಗೆ ಮೌಶಿ ಬಾಣಂತಿಯಾದಳು. ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಮಳೆಗೆ ಡಬ್ಬಿಗಳಲ್ಲಿ ಹುಲ್ಲು ಎದ್ದಿದ್ದೀತು ಎಂಬ ಚಿಂತೆ ಅವಳಿಗೆ. ಒಳಗಿನಿಂದಲೇ ಆಜಿಗೆ ಮರಾಠಿಯಲ್ಲಿ ಹೇಳಿದಳು: "ಸಗಳೇ ಕಳೆ ಕಾಢಾ." ಎಲ್ಲ ಕಳೆ ತೆಗೆಯಿರಿ ಎಂದು ಅವಳ ಲೆಕ್ಕ. ಕಳೆಗೆ ಮರಾಠಿಯಲ್ಲಿ ತಣ ಅನ್ನುತ್ತಾರೆ, ಅದು ಅವಳಿಗೆ ಗೊತ್ತಿರಲಿಲ್ಲ. ಅವರ ಭಾಷೆಯಲ್ಲಿ ಕಳೆ ಎಂದರೆ ಮೊಗ್ಗು! ಕೊನೆಗೂ ಸೊಸೆಗೆ ಧಾರಾಳ ಬುದ್ಧಿ ಬಂತೆಂದು ಆಜಿ ಹಿಗ್ಗಿಹೋದರು. ಒಂದೂ ಬಿಡದೆ ಬಿಡಿಸಿದರು.

ನಾಮಕರಣದ ದಿನ ಮೌಶಿ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ತೊಟ್ಟಿಲಿಗೆ ಬಿಳಿ ಮೊಗ್ಗಿನ ಮಾಲೆ. ನೋಡಿದಳು, ಅಂಗಳದ ಡಬ್ಬಿಗಳ ಕಡೆ ತಿರುಗಿದಳು, ಕಣ್ಣಿನಿಂದ ನೀರು ಇಳಿಯತೊಡಗಿತು. ಹೆಂಗಸರು ಸಂತೋಷಕ್ಕೆ ಎಂದುಕೊಂಡು ಜೋಗುಳ ಎತ್ತಿದರು. ಆಮೇಲೆ ನಮ್ಮವ್ವ ಆಜಿಗೆ ಆ ಒಂದು ಮಾತಿನ ಎರಡು ಅರ್ಥ ಬಿಡಿಸಿ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಜಿ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. ಗಿಡಗಳ ತುದಿಯಲ್ಲಿ ಮತ್ತೆ ಬಂದ ಕೆಲವು ಮೊಗ್ಗು ಮಳೆ ನಿಂತದ್ದರಿಂದ ಅರಳದೆ ಕಂದಿದವು. ಬೀಜ ಆಗಲೇ ಇಲ್ಲ.

ಮರುವರ್ಷದ ಮಳೆಗೆ ಬಾವಿಕಟ್ಟೆಯ ಸಂದಿಯಲ್ಲಿ ತನ್ನಷ್ಟಕ್ಕೆ ಒಂದು ಸಸಿ ಎದ್ದಿತು. ಆಜಿಗೆ ಜೀವ ಬಂದಂತಾಯಿತು. ಹಿಂದಿನ ವರ್ಷಗಳಲ್ಲಿ ಸಿಡಿದ ಬೀಜವೇ ಇರಬೇಕೆಂದು ಮುರುಕು ಬುಟ್ಟಿ ಕವುಚಿ ಕಾದರು, ನೀರಿಗೆ ಬಂದವರನ್ನೆಲ್ಲ ದೂರ ಸರಿಸಿದರು. ಒಂದು ಸಂಜೆ ಮೌಶಿ ಅವ್ವನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಅಕ್ಕಾ, ಅದರ ದಂಟು ಕೆಂಪ ಅದ. ಬಿಳೀದರದು ಹಸರ ಇರತದ."

"ಹಂಗಾರ ಅವರಿಗೆ ಹೇಳಬೇಕಿಲ್ಲೇನು?"

"ಬ್ಯಾಡ್ರಿ. ಭಾಳ ಆಸೆ ಇಟ್ಕೊಂಡಾರ."

ಹೂ ಅರಳಿತು. ಗುಲಾಬಿ. ಪೇಟೆಯಲ್ಲೆಲ್ಲ ಇರುವಂಥದೇ. ಆಜಿಯ ಮುಖ ನೋಡಲಾಗುತ್ತಿರಲಿಲ್ಲ. ಮೌಶಿ ಬಂದಳು, ಒಂದು ಹೂ ಕಿತ್ತು ಮುಡಿದಳು. ತನ್ನ ತಾಯಿಯ ಹಿತ್ತಲಲ್ಲಿ ಇದೂ ಇತ್ತು ಎಂದು ಅತ್ತೆಗೆ ಮರಾಠಿಯಲ್ಲಿ ಹೇಳಿದಳು. ಆ ಸುಳ್ಳಿನಲ್ಲಿ ಅವಳ ಮರಾಠಿ ಒಂದು ಮಾತೂ ತಪ್ಪಲಿಲ್ಲ. ಅಂದಿನಿಂದ ಪ್ರತಿ ಮಳೆಗಾಲ ಒಂದು ಗಿಡ ಬೀಜಕ್ಕೆಂದು ಬಿಟ್ಟು ಕಾಯುತ್ತಿದ್ದವರು ಆಜಿಯೇ.

ಈಗ ಆಜಿ ಇಲ್ಲ, ಅವ್ವ ಇಲ್ಲ. ಮೌಶಿಯೂ ಹೋಗಿ ಎಷ್ಟೋ ಮಳೆಗಾಲ ಕಳೆದವು. ಹೋದ ವಾರ ಅವಳ ಮಗಳು, ಅಂದಿನ ತೊಟ್ಟಿಲ ಕೂಸು, ಬಂದಿದ್ದಳು, ಅವಳಿಗೂ ತಲೆ ನರೆತಿದೆ. ನನ್ನ ಕೈಯಲ್ಲಿ ಗುಲಾಬಿ ಹೂಗಳನ್ನಿಟ್ಟು, "ತಗೋರಿ, ನಮ್ಮಜ್ಜಿ ಹಿತ್ತಲದ್ದು, ಧಾರವಾಡದ್ದು" ಎಂದಳು. ಹೌದವ್ವಾ ಎಂದೆ. ಆ ಹಿತ್ತಲಿನ ಹೂ ಬಿಳಿ ಇತ್ತೆಂದು ಬಲ್ಲವಳು ಇನ್ನು ನಾನೊಬ್ಬಳೇ.