ಅಮೀನ ಪಿಂಕಮ್ ಕಳೆದುಕೊಂಡ ರಾಜ

ಆಲ್ಡರ್‌ಫೋರ್ಡ್ ಊರಿನ ಅಮೀನ ಓಬೆಡ್ ಪಿಂಕಮ್ ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ್ದು ಎರಡೇ ವಸ್ತು: ತುದಿಗೆ ಕಪ್ಪು ಬಳಿದ ಒಂದು ಕೋಲು, ಮತ್ತು ಇಂಗ್ಲೆಂಡಿನ ಮಹಾರಾಜರ ಹೆಸರು. ಮೊದಲ ಆರು ವರ್ಷ ತಾತನ ಹೆಸರು, ಆಮೇಲೆ ಮೊಮ್ಮಗನದು. ಇಬ್ಬರೂ ಜಾರ್ಜೇ ಆದ್ದರಿಂದ ಓಬೆಡನಿಗೆ ಕಷ್ಟವಾಗಲಿಲ್ಲ. ಯಾರ ಬಾಗಿಲಿಗೆ ಹೋದರೂ ಕೋಲು ನೆಲಕ್ಕೂರಿ, ಗಂಟಲು ಸರಿಮಾಡಿಕೊಂಡು, "ಮಹಾರಾಜರ ಹೆಸರಿನಲ್ಲಿ" ಎಂದು ಶುರುಮಾಡಿಬಿಟ್ಟರೆ ಮುಂದಿನದನ್ನು ಬಾಯಿಯೇ ನೋಡಿಕೊಳ್ಳುತ್ತಿತ್ತು. ಹಂದಿ ಬೇಲಿ ಮುರಿದದ್ದಕ್ಕೂ ಮಹಾರಾಜರೇ, ಪ್ರಾರ್ಥನಾ ಮಂದಿರದ ಚಾವಣಿ ಸೋರುತ್ತದೆಂದು ಊರ ಸಭೆ ಕರೆಯುವುದಕ್ಕೂ ಮಹಾರಾಜರೇ. ಆ ಪುಣ್ಯಾತ್ಮರಿಗೆ ಕಡಲಾಚೆಯ ನಮ್ಮ ನ್ಯೂ ಹ್ಯಾಂಪ್‌ಶೈರ್ ಸೀಮೆ ಯಾವ ದಿಕ್ಕಿಗಿದೆಯೆಂದು ತಿಳಿದಿತ್ತೋ ಇಲ್ಲವೋ, ನಮ್ಮ ಹಂದಿಗಳ ಮೇಲೆ ಮಾತ್ರ ಬಹಳ ನಿಗಾ ಇಟ್ಟಿದ್ದರು.

ಓಬೆಡ್ ಸ್ವಭಾವದಲ್ಲಿ ಬಲು ಮೆದು. ಕೋಳಿ ಕುಯ್ಯಲೂ ಹೆಂಡತಿಯನ್ನೇ ಕರೆಯುತ್ತಿದ್ದ. ಅಂಥವನ ಪಾಲಿಗೆ ಊರಿನ ಅತಿ ಕೆಟ್ಟ ಕೆಲಸ ಬಂದಿತ್ತು. ಹೊರಗಿನಿಂದ ಬಂದವರು ಒಂದು ವರ್ಷ ಉಳಿದರೆ ನಮ್ಮಲ್ಲಿ ಊರಿನವರೇ ಆಗಿಬಿಡುತ್ತಾರೆ. ಆಮೇಲೆ ಅವರಿಗೆ ಅನ್ನಕ್ಕಿಲ್ಲವೆಂದರೆ ಊರೇ ಸಾಕಬೇಕು. ಆದ್ದರಿಂದ ವರ್ಷ ತುಂಬುವುದರೊಳಗೆ, ಬಂದವರು ಬಡವರೆಂದು ಕಂಡರೆ, ಅಮೀನ ಅವರ ಹೊಸ್ತಿಲ ಮುಂದೆ ನಿಂತು ಊರು ಬಿಡುವ ಆಜ್ಞೆಯನ್ನು ಓದಬೇಕು. ಓಬೆಡ್ ಹೀಗೆ ನಲವತ್ತು ಸಂಸಾರಗಳಿಗಾದರೂ ಓದಿದ್ದ. ಓದಿ ಮುಗಿಸಿ, ಟೋಪಿ ತೆಗೆದು, "ನಾನೇನ್ ಮಾಡ್ಲಿ ತಾಯಿ, ರಾಜಾಜ್ಞೆ" ಎನ್ನುತ್ತಿದ್ದ. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ.

ಈ ನಡುವೆ ಊರು ರಾಜನ ಮೇಲೆ ತಿರುಗಿಬಿತ್ತು. ಒಂದೇ ದಿನದಲ್ಲಿ ಅಲ್ಲ. ನಮ್ಮವರು ಯಾವುದನ್ನೂ ಸಭೆ ಸೇರದೆ ಮಾಡುವವರಲ್ಲ. ಮೊದಲು ಕಾಗದಕ್ಕೆಲ್ಲ ಮುದ್ರೆ ಸುಂಕ ಬಂತು, ಜನ ಹುಲ್ಲಿನ ಬೊಂಬೆ ಮಾಡಿ ನೇಣು ಹಾಕಿದರು. ಗುಂಪು ಚದುರಿಸಲು ಓಬೆಡ್ ಮಹಾರಾಜರ ಹೆಸರು ಹೇಳಿಕೊಂಡು ಹೋದ. ಬೊಂಬೆಗೆ ಹುಲ್ಲು ಕೊಟ್ಟವನೂ ಅವನೇ. ಆಮೇಲೆ ಚಹಾಕ್ಕೂ ಸುಂಕ ಬಂತೆಂದು ಚಹಾ ಬಿಟ್ಟರು, ಅದರ ಬದಲು ಕಾಡು ಹಣ್ಣಿನ ಎಲೆ ಕುದಿಸಿ ಕುಡಿದು ಮುಖ ಸಿಂಡರಿಸಿಕೊಂಡೇ ದೇಶಭಕ್ತರಾದರು. ಕೊನೆಗೆ ಬಾಸ್ಟನ್ ಕಡೆ ಗುಂಡು ಹಾರಿತು. ರಾಜನ ಸೈನಿಕರ ವಿರುದ್ಧ ಹೋರಾಡಲು ಜನ ಸೇರಿಸಬೇಕೆಂದು ಸಭೆ ಕರೆದದ್ದೂ ಓಬೆಡನೇ, ಮಹಾರಾಜರ ಹೆಸರಿನಲ್ಲಿಯೇ! ಸಭೆ ಕರೆಯಲು ಬೇರೆ ಮಾತು ಯಾರಿಗೂ ಬರುತ್ತಿರಲಿಲ್ಲ.

ಆ ವರ್ಷದ ಜೂನ್ ತಿಂಗಳಲ್ಲಿ ಬಾಸ್ಟನ್ ಹತ್ತಿರದ ಗುಡ್ಡದ ಮೇಲೆ ನಡೆದ ಕಾಳಗದಲ್ಲಿ ಸತ್ತವರಲ್ಲಿ ಜೆರೂಷಾ ಟ್ರಸ್ಕ್ ಎಂಬವಳ ಗಂಡನೂ ಒಬ್ಬ. ಒಂದು ತಿಂಗಳ ನಂತರ ಅವಳು ಎರಡು ಪುಟ್ಟ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಲ್ಡರ್‌ಫೋರ್ಡಿಗೆ ಬಂದಳು, ಹಿಂದೆ ಪೀಪಾಯಿ ಮಾಡುತ್ತಿದ್ದ ಪಾಳು ಕೊಟ್ಟಿಗೆಯಲ್ಲಿ ಉಳಿದು ನಾರು ನೂಲುತ್ತ ಬದುಕಿದಳು. ಸೈನ್ಯಕ್ಕೆ ಹೋದ ನಮ್ಮ ಹುಡುಗರ ಅಂಗಿಗಳ ದಾರ ಅರ್ಧ ಅವಳದೇ. ಆದರೇನು, ಬಡವಿ ಬಡವಿಯೇ. ಮುಂದಿನ ವರ್ಷದ ಜುಲೈ ಇಪ್ಪತ್ತೊಂದಕ್ಕೆ ಅವಳಿಗೆ ವರ್ಷ ತುಂಬುತ್ತಿತ್ತು. ಪ್ರಾರ್ಥನಾ ಮಂದಿರದ ಹಿರಿಯರೂ ಊರ ಪಂಚರಲ್ಲಿ ದೊಡ್ಡವರೂ ಆದ ಡೀಕನ್ ಲೆವೆಟ್ ಎಂದಿನಂತೆ ಆಜ್ಞೆ ಬರೆಸಿದರು. ಗುಮಾಸ್ತ ಹಳೆಯದನ್ನೇ ನೋಡಿ ನಕಲು ಮಾಡಿದ. ಹದಿನೇಳರ ಬುಧವಾರ ಓಬೆಡ್ ಕೊಟ್ಟಿಗೆಯ ಮುಂದೆ ನಿಂತು ಎಂದಿನಂತೆ ಓದಿದ.

"ಹಿಂದಕ್ಕೆ ಹೋದ್ರೆ ಗಂಡನ ಊರಿನೋರು ಮಕ್ಕಳನ್ನ ಒಬ್ಬೊಬ್ಬರ ಮನೆಗೆ ಜೀತಕ್ಕೆ ಹಂಚ್ತಾರೆ, ಓಬೆಡಣ್ಣ" ಎಂದಳು ಜೆರೂಷಾ. "ದೊಡ್ಡದಕ್ಕೆ ಇನ್ನೂ ಏಳು."

"ನಾನೇನ್ ಮಾಡ್ಲಿ ತಾಯಿ, ರಾಜಾಜ್ಞೆ."

ಮರುದಿನ ಕುದುರೆ ಸವಾರ ಫಿಲಡೆಲ್ಫಿಯಾದಲ್ಲಿ ಹೊರಡಿಸಿದ ಸ್ವಾತಂತ್ರ್ಯ ಘೋಷಣೆ ತಂದ. ಮಂದಿರದ ಮೆಟ್ಟಿಲ ಮೇಲೆ ನಿಂತು ಡೀಕನ್ನರು ಗಟ್ಟಿಯಾಗಿ ಓದಿದರು: ಎಲ್ಲರೂ ಸಮಾನರು, ರಾಜ ದುಷ್ಟ, ಅವನಿಗೂ ನಮಗೂ ಇನ್ನು ಯಾವ ಸಂಬಂಧವೂ ಇಲ್ಲ. ಟೋಪಿಗಳು ಹಾರಿದವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಡೀಕನ್ನರೇ. ಗದ್ದಲ ತಗ್ಗಿದ ಮೇಲೆ ಜೆರೂಷಾ ಮುಂದೆ ಬಂದಳು, ಕೈಯಲ್ಲಿ ಬುಧವಾರದ ಕಾಗದ.

"ಡೀಕನ್ನರೆ, ನನಗೆ ಓದೋಕೆ ಬರಲ್ಲ. ಇದು ಯಾರ ಹೆಸರಲ್ಲಿದೆ ಸ್ವಲ್ಪ ಹೇಳಿ."

"ಇನ್ಯಾರದ್ದಮ್ಮ, ಮಹಾರಾ..." ಡೀಕನ್ನರು ನಾಲಿಗೆ ಕಚ್ಚಿಕೊಂಡರು.

"ಈ ತಿಂಗಳ ನಾಲ್ಕನೇ ತಾರೀಕಿಗೇ ರಾಜನನ್ನ ಬಿಟ್ವಿ ಅಂತ ಈಗ ತಾನೆ ಓದಿದ್ರಿ. ಓಬೆಡಣ್ಣ ಬಂದಿದ್ದು ಹದಿನೇಳಕ್ಕೆ. ಸಂಬಂಧಾನೇ ಇಲ್ದವನು ನನ್ನ ಯಾಕೆ ಊರು ಬಿಡಿಸ್ತಾನೆ?"

ಜನ ಹೋ ಎಂದು ನಕ್ಕರು. ಅರಸನ ಅಂಕೆಯಿಲ್ಲ, ದೆವ್ವದ ಕಾಟವಿಲ್ಲ ಎಂದು ಕುಣಿಯುತ್ತಿದ್ದ ಪಂಚರ ಮುಖ ಸಪ್ಪಗಾಯಿತು. ವರ್ಷ ತುಂಬುವ ಇಪ್ಪತ್ತೊಂದು ಭಾನುವಾರ. ಅದು ಸಬ್ಬತ್, ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ, ಆಜ್ಞೆ ಓದುವಂತಿಲ್ಲ. ಸಬ್ಬತ್ ಶುರುವಾಗುವುದು ಶನಿವಾರ ಸೂರ್ಯ ಮುಳುಗಿದಾಗ. ಅಷ್ಟರೊಳಗೆ ಹೊಸ ಆಜ್ಞೆ ಹೊರಡಬೇಕು, ಆದರೆ ಯಾರ ಹೆಸರಿನಲ್ಲಿ? ಶುಕ್ರವಾರವಿಡೀ ವಾದ ನಡೆಯಿತು. ದೇವರ ಹೆಸರಿನಲ್ಲಿ ಇರಲಿ ಎಂದ ಒಬ್ಬ. "ಈ ಕೆಲಸಕ್ಕೆ ಮಾತ್ರ ದೇವರನ್ನ ಎಳೀಬೇಡ್ರಪ್ಪ" ಎಂದು ಪಾದ್ರಿಗಳು ಕೈಮುಗಿದರು. ಕೊನೆಗೆ "ಆಲ್ಡರ್‌ಫೋರ್ಡಿನ ಸ್ವತಂತ್ರ ಜನರ ಹೆಸರಿನಲ್ಲಿ" ಎಂದು ತೀರ್ಮಾನವಾಯಿತು. ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ತಲೆದೂಗಿದರು.

ಶನಿವಾರ ಸಂಜೆ ಓಬೆಡ್ ಆ ಕಾಗದ ಹಿಡಿದು ಹೋದ. ಜೆರೂಷಾ ಬಾಗಿಲಲ್ಲೇ ರಾಟೆ ಇಟ್ಟುಕೊಂಡು ಕೂತಿದ್ದಳು. ಒಳಗೆ ಒಲೆಯ ಮೇಲೆ ಬೀನ್ಸ್ ಕಾಳು ಬೇಯುತ್ತಿತ್ತು.

"ಓದು ಅಣ್ಣ" ಎಂದಳು, ರಾಟೆ ನಿಲ್ಲಿಸದೆ.

ಅವನು ಕೋಲು ಊರಿದ, ಗಂಟಲು ಸರಿಮಾಡಿಕೊಂಡ. "ಆಲ್ಡರ್‌ಫೋರ್ಡಿನ ಸ್ವತಂತ್ರ ಜನರ ಹೆಸರಿನಲ್ಲಿ..." ಬಾಯಿ ಅಲ್ಲೇ ನಿಂತಿತು. ಹೊಸ ಮಾತು ತಾನಾಗಿ ಮುಂದಕ್ಕೆ ಓಡಲಿಲ್ಲ.

"ಯಾರವರು, ಆ ಜನ?"

"ಊರಿನೋರು."

"ಅದೇ, ಯಾರ್ಯಾರು? ಡೀಕನ್ನರು?"

"ಹೂಂ."

"ಗಿರಣಿಯವರು?"

"ಅವರೂನೂ."

"ನೀನು?"

ಓಬೆಡ್ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಬುಧವಾರ ನಿನ್ನ ಮೇಲೆ ನನಗೆ ಸಿಟ್ಟು ಬರಲಿಲ್ಲ" ಎಂದಳು ಜೆರೂಷಾ. "ಪಾಪ, ಯಾರೋ ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಾನೆ ಅಂದ್ಕೊಂಡೆ. ಇವತ್ತು ನಿನ್ನ ಹೆಸರಲ್ಲೇ ನನ್ನ ಮಕ್ಕಳನ್ನ ಅಟ್ತಿದ್ದೀಯಲ್ಲೋ."

"ನಾನೇನ್ ಮಾಡ್ಲಿ ತಾಯಿ..." ಎಂದ ಓಬೆಡ್. ರಾಜಾಜ್ಞೆ ಎನ್ನಲು ರಾಜನೇ ಇರಲಿಲ್ಲ. ಅವನಿಗೆ ಆ ಜಾರ್ಜನ ಮೇಲೆ ಜನ್ಮದಲ್ಲಿ ಮೊದಲ ಬಾರಿ ನಿಜವಾದ ಸಿಟ್ಟು ಬಂತು. ಸುಂಕಕ್ಕಲ್ಲ, ಚಹಾಕ್ಕಲ್ಲ, ಇಷ್ಟು ವರ್ಷ ಬೆನ್ನ ಹಿಂದೆ ನಿಂತಿದ್ದವನು ಸರಿಯಾದ ಹೊತ್ತಿಗೆ ಕೈಕೊಟ್ಟನಲ್ಲ ಎಂದು. ಒಂದು ಫೆಬ್ರವರಿಯಲ್ಲಿ ತುಂಬು ಬಸುರಿಯೊಬ್ಬಳಿಗೆ ಓದಿದ್ದು ನೆನಪಾಯಿತು. ಹಿಮದಲ್ಲಿ ಅವಳು ಎಲ್ಲಿಗೆ ಹೋದಳು ಎಂದು ಅವನು ಆಗ ಕೇಳಿರಲಿಲ್ಲ. ಅದನ್ನೂ ರಾಜನೇ ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದನೋ ಏನೋ. ಅವನಿಗೆ ವಿಪರೀತ ನಾಚಿಕೆಯಾಯಿತು.

ಅವನು ಕಾಗದ ಮಡಚಿ ಟೋಪಿಯೊಳಗಿಟ್ಟು, ಸೌದೆ ಒಡೆಯುವ ದಿಮ್ಮಿಯ ಮೇಲೆ ಕುಳಿತ. ಸೂರ್ಯ ದೇವದಾರುಗಳ ಹಿಂದೆ ಇಳಿಯುತ್ತ ಇಳಿಯುತ್ತ ಮುಳುಗಿಯೇ ಹೋದ.

"ಈಗ ಓದಿದ್ರೆ ಸಬ್ಬತ್ ಮುರಿದ ಪಾಪ ಬರತ್ತೆ" ಎಂದಳು ಜೆರೂಷಾ, ರಾಟೆ ನಿಲ್ಲಿಸಿ.

"ಗೊತ್ತು ತಾಯಿ."

"ಹಂಗಾದ್ರೆ ಒಳಗೆ ಬಾ. ಕಾಳು ಬೆಂದಿದೆ."

ಸೋಮವಾರ, ಜೆರೂಷಾ ವರ್ಷ ತುಂಬಿ ಊರಿನವಳೇ ಆಗಿಬಿಟ್ಟ ಮೇಲೆ, ಪಂಚರು ಓಬೆಡನನ್ನು ಕರೆಸಿದರು. ಡೀಕನ್ ಲೆವೆಟ್ಟರ ಕಿವಿ ಕೆಂಪೇರಿತ್ತು. "ಯಾಕಯ್ಯ ಓದಲಿಲ್ಲ? ಕಾಲು ಮುರಿದಿತ್ತಾ?"

"ಇಲ್ಲ, ಡೀಕನ್ನರೆ. ಜನರ ಹೆಸರಲ್ಲಿ ಓದ್ಬೇಕಿತ್ತು. ಅವರಲ್ಲೊಬ್ಬ ಒಪ್ಪಲಿಲ್ಲ."

"ಯಾವನವನು?"

"ನಾನೇ."

ಡೀಕನ್ನರು ಮೇಜಿನ ಮೇಲೆ ಮುಷ್ಟಿ ಗುದ್ದಿದರು. ಕೊನೆಗೆ ತಡೆಯಲಾರದೆ ಹೇಳಿಯೇ ಬಿಟ್ಟರು: "ರಾಜ ಇದ್ದಿದ್ರೆ ಹಿಂಗೆಲ್ಲ ನಡೀತಿತ್ತೇನ್ರೀ ಈ ಊರಲ್ಲಿ!"